ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ

9 ಜೂನ್ 2024, ಭಾನುವಾರ

ನನ್ನ ಹೆಂಡತಿ ಕೆಲಸಕ್ಕೆ ಮರಳಲು ಇನ್ನು ಮೂರು ವಾರಗಳಷ್ಟೇ ಉಳಿದಿವೆ. ಮಗಳಿಗೆ ಹನ್ನೊಂದು ತಿಂಗಳು. ಹಗಲಿನಲ್ಲಿ ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲದ ಕಾರಣ ಡೇ ಕೇರ್‌ಗೆ ಸೇರಿಸುವುದೆಂದು ಎರಡು ತಿಂಗಳ ಹಿಂದೆಯೇ ತೀರ್ಮಾನಿಸಿದ್ದೆವು. ತೀರ್ಮಾನಿಸಿದ ಮೇಲೆ ಆ ಬಗ್ಗೆ ಮಾತಾಡುವುದನ್ನೇ ಇಬ್ಬರೂ ಬಿಟ್ಟುಬಿಟ್ಟಿದ್ದೆವು. ಕೊನೆಗೆ ಈ ಎರಡು ವಾರಗಳಲ್ಲಿ ಅವಸರ ಅವಸರವಾಗಿ ನಾಲ್ಕು ಕೇಂದ್ರಗಳನ್ನು ನೋಡಿ ಬಂದೆವು.

ಹೋಗುವ ಮುನ್ನ ನೋಟ್‌ಬುಕ್ಕಿನಲ್ಲಿ ಹತ್ತು ಪ್ರಶ್ನೆಗಳನ್ನು ಬರೆದುಕೊಂಡಿದ್ದೆ. ಒಬ್ಬ ಆಯಾ ಎಷ್ಟು ಕೂಸುಗಳನ್ನು ನೋಡಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ಒಂದು ವರ್ಷದೊಳಗಿನ ಮೂರು ಅಥವಾ ನಾಲ್ಕು ಮಕ್ಕಳಿಗೆ ಒಬ್ಬರಾದರೂ ಇರಬೇಕೆಂದು ಹಲವು ದೇಶಗಳ ನಿಯಮಗಳು ಹೇಳುತ್ತವೆ. ಅದರ ಕಾರಣ ತಿಳಿಯಲು ವಿಶೇಷ ಜ್ಞಾನವೇನೂ ಬೇಕಿಲ್ಲ. ಬೆಂಕಿ ಹೊತ್ತಿಕೊಂಡ ಕೋಣೆಯಿಂದ ನಡೆಯಲು ಬಾರದ ಎಷ್ಟು ಕೂಸುಗಳನ್ನು ಒಬ್ಬರು ಎತ್ತಿಕೊಂಡು ಓಡಬಲ್ಲರು ಎಂದು ಲೆಕ್ಕ ಹಾಕಿದರೆ ಸಾಕು. ಮಗುವನ್ನು ಅಂಗಾತ ಮಲಗಿಸುತ್ತೀರಾ, ತೊಟ್ಟಿಲಲ್ಲಿ ದಿಂಬು, ಗೊಂಬೆ ಇಡುತ್ತೀರಾ ಎಂಬುದು ಎರಡನೆಯದು. ಉಸಿರುಗಟ್ಟುವ ಅಪಾಯ ಒಂದು ವರ್ಷದೊಳಗೆ ಹೆಚ್ಚೆಂದು ವೈದ್ಯರು ಎಚ್ಚರಿಸಿದ್ದರಿಂದ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಡೈಪರ್ ಬದಲಾಯಿಸಿದ ಮೇಲೆ ಕೈ ತೊಳೆಯುವ ಜಾಗ ಎಲ್ಲಿದೆ, ಔಷಧ ಕೊಟ್ಟ ಹೊತ್ತನ್ನು ಬರೆದಿಡುತ್ತೀರಾ, ಸಂಜೆ ಮಗುವನ್ನು ಕರೆದೊಯ್ಯಲು ನಮ್ಮ ಬದಲು ಬೇರೆಯವರು ಬಂದರೆ ಯಾವ ಆಧಾರದ ಮೇಲೆ ಕಳುಹಿಸುತ್ತೀರಿ ಎಂಬಿತ್ಯಾದಿ ಉಳಿದವು.

ಮೊದಲನೆಯ ಕೇಂದ್ರದಲ್ಲಿ ನಮ್ಮನ್ನು ಕಚೇರಿಯ ಕೋಣೆ ದಾಟಿ ಒಳಗೆ ಬಿಡಲೇ ಇಲ್ಲ. ಮಕ್ಕಳು ಮಲಗಿದ್ದಾರೆ ಎಂದರು. ಬೇರೆ ಹೊತ್ತಿನಲ್ಲಿ ಬರುತ್ತೇವೆ ಎಂದರೆ ಅದಕ್ಕೂ ಒಪ್ಪಲಿಲ್ಲ. ಎರಡನೆಯದರಲ್ಲಿ ಹತ್ತು ಪ್ರಶ್ನೆಗಳಿಗೂ ಸರಿಯಾದ ಉತ್ತರ ಸಿಕ್ಕಿತು. ಆದರೆ ಅಲ್ಲಿದ್ದ ಅರ್ಧ ಗಂಟೆಯೂ ಟಿ.ವಿ. ಓಡುತ್ತಲೇ ಇತ್ತು, ಏಳೆಂಟು ಮಕ್ಕಳು ಮಾತಿಲ್ಲದೆ ಅದರತ್ತ ಮುಖ ಮಾಡಿ ಕುಳಿತಿದ್ದರು. ಮೂರನೆಯದರಲ್ಲಿ ನನ್ನ ಹೆಂಡತಿ ಪಟ್ಟಿಯ ಹೊರಗಿನ ಒಂದು ಪ್ರಶ್ನೆ ಕೇಳಿದಳು: "ಮಗು ಅತ್ತರೆ ಏನು ಮಾಡುತ್ತೀರಿ?" ನಡೆಸುವವರು ನಕ್ಕು, "ನಮ್ಮಲ್ಲಿ ಮಕ್ಕಳು ಅಳುವುದೇ ಇಲ್ಲ ಮೇಡಂ" ಎಂದರು. ಮೆಟ್ಟಿಲಿಳಿಯುವಾಗ ಅವಳು, "ಅಳದೆ ಇರುವ ಮಕ್ಕಳ ಜಾಗಕ್ಕೆ ನನ್ನ ಮಗಳನ್ನು ಕಳಿಸಲಾರೆ" ಎಂದಳು.

ನಾಲ್ಕನೆಯದು ಇಬ್ಬರಿಗೂ ಹಿಡಿಸಿತು. ಬೆಳಕು ಚೆನ್ನಾಗಿದೆ, ನೆಲದ ಮೇಲೆ ಮೆತ್ತನೆಯ ಹಾಸು ಇದೆ, ಬಾಗಿಲ ಸಂದಿಗಳಿಗೆ ಬೆರಳು ಸಿಕ್ಕದಂತೆ ರಬ್ಬರು ಹಾಕಿದ್ದಾರೆ, ಕ್ಯಾಮೆರಾದ ದೃಶ್ಯವನ್ನು ಮೊಬೈಲಿನಲ್ಲೇ ನೋಡಬಹುದು. ಮೂರು ಕೂಸುಗಳಿಗೆ ಒಬ್ಬರು ಎಂದರು. ಎಣಿಸಿ ನೋಡಿದೆ, ಸರಿಯಾಗಿತ್ತು. ಹತ್ತು ಪ್ರಶ್ನೆಗಳ ಮುಂದೆ ಹತ್ತು ಗುರುತು ಹಾಕಿ, ಅಲ್ಲಿಯೇ ಮುಂಗಡ ಕೊಟ್ಟು ಬಂದೆವು.

24 ಜೂನ್ 2024, ಸೋಮವಾರ

ಮೊದಲ ವಾರ ನಾನು ರಜೆ ಹಾಕಿದ್ದೇನೆ. ಇಂದು ಅರ್ಧ ಗಂಟೆ, ನಾಳೆ ಒಂದು ಗಂಟೆ, ಮುಂದೆ ಒಂದು ನಿದ್ದೆಯವರೆಗೆ, ಹೀಗೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸುವುದು ಎಂದು ಯೋಜನೆ. ನನ್ನ ಹೆಂಡತಿ ತನ್ನ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಚೀಲದಲ್ಲಿ ಇಟ್ಟಿದ್ದಳು. ಮಗು ತಾಯಿ ಇಲ್ಲದ ಹೊತ್ತಿನಲ್ಲಿ ಅಪ್ಪಿಕೊಳ್ಳುವ ಬಟ್ಟೆ, ಗೊಂಬೆಗಳ ಬಗ್ಗೆ ವಿನಿಕಾಟ್ ಎಂಬ ಬ್ರಿಟಿಷ್ ಮಕ್ಕಳ ವೈದ್ಯರು 1950ರ ದಶಕದಲ್ಲೇ ಬರೆದಿದ್ದಾರೆ. ಅದನ್ನು ಓದಿಕೊಂಡು ಅವಳು ಹಾಗೆ ಮಾಡಲಿಲ್ಲ. ಆ ತುಂಡನ್ನು ಹಿಡಿಯದೆ ಮಗಳು ನಿದ್ದೆ ಮಾಡುವುದಿಲ್ಲ, ಅಷ್ಟೇ.

ಎಂಟು ತಿಂಗಳ ಸುಮಾರಿಗೆ, ಕಣ್ಣಿಗೆ ಕಾಣದ ವಸ್ತು ಎಲ್ಲೋ ಇದೆ ಎಂಬುದು ಮಗುವಿಗೆ ಹೊಳೆಯತೊಡಗುತ್ತದೆ. ಅಪ್ಪ ಅಮ್ಮ ಎಲ್ಲೋ ಇದ್ದಾರೆ, ಆದರೆ ತನ್ನ ಬಳಿ ಇಲ್ಲ ಎಂಬ ಸಂಕಟವೂ ಅಲ್ಲಿಂದಲೇ ಹುಟ್ಟುತ್ತದೆ. ಹತ್ತರಿಂದ ಹದಿನೆಂಟು ತಿಂಗಳ ನಡುವೆ ಅದು ತಾರಕಕ್ಕೇರುವುದು ಸಾಮಾನ್ಯ. ಎಂದರೆ ನಾವು ಡೇ ಕೇರ್‌ಗೆ ಸೇರಿಸಲು ಇದಕ್ಕಿಂತ ಕೆಟ್ಟ ಕಾಲವನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ರಜೆಯ ನಿಯಮಗಳನ್ನು ಬರೆಯುವವರು ಮಗುವಿನ ಮನಸ್ಸಿನ ಪಂಚಾಂಗವನ್ನು ನೋಡಿ ಬರೆಯುವುದಿಲ್ಲ.

ಒಳಗೆ ಅರ್ಧ ಗಂಟೆ ಅವಳ ಪಕ್ಕದಲ್ಲೇ ಕುಳಿತಿದ್ದೆ. ಅವಳು ಬಣ್ಣದ ಉಂಗುರಗಳನ್ನು ಕೋಲಿಗೆ ಪೋಣಿಸುವುದರಲ್ಲಿ ಮುಳುಗಿದ್ದಾಗ ಆಯಾ ಕಣ್ಸನ್ನೆ ಮಾಡಿ, ಈಗ ಹೊರಟುಬಿಡಿ ಎಂದು ಸೂಚಿಸಿದರು. ನಾನು ಕಳ್ಳನಂತೆ ತುದಿಗಾಲಿನಲ್ಲಿ ಹೊರಬಂದೆ. ಬಾಗಿಲ ಹೊರಗೆ ನಿಂತು ಮೊಬೈಲಿನಲ್ಲಿ ನೋಡುತ್ತಿದ್ದಂತೆ ಅವಳು ತಿರುಗಿ ನೋಡಿದಳು, ನಾನು ಕುಳಿತಿದ್ದ ಜಾಗಕ್ಕೆ ಅಂಬೆಗಾಲಿಟ್ಟು ಹೋದಳು, ಅಲ್ಲಿ ಹಾಸನ್ನು ಕೈಯಿಂದ ತಟ್ಟಿದಳು. ಕ್ಯಾಮೆರಾದಲ್ಲಿ ಧ್ವನಿ ಇರಲಿಲ್ಲ. ಬಾಗಿಲಿನಾಚೆಯಿಂದ ಬಂದ ಅಳು ಮಾತ್ರ ಚೆನ್ನಾಗಿ ಕೇಳಿಸಿತು.

ನಾಳೆಯಿಂದ ಹೇಳಿಯೇ ಹೊರಡುತ್ತೇನೆ. ಅತ್ತರೆ ಅಳಲಿ. ಹೇಳದೆ ಹೋದರೆ ಅವಳು ಆಟದಲ್ಲಿ ಮುಳುಗಲೂ ಹೆದರಬೇಕಾಗುತ್ತದೆ ಎಂದು ನನಗೆ ಇವತ್ತು ಅನ್ನಿಸಿತು.

5 ಜುಲೈ 2024, ಶುಕ್ರವಾರ

ಸೇರಿಸಿ ಎರಡು ವಾರವೂ ತುಂಬಿಲ್ಲ, ಆಗಲೇ ಜ್ವರ. ಗುಂಪಿನಲ್ಲಿ ಬೆಳೆಯುವ ಮಕ್ಕಳಿಗೆ ಮೊದಲ ವರ್ಷದಲ್ಲಿ ನೆಗಡಿ ಕೆಮ್ಮು ಹೆಚ್ಚಾಗಿಯೇ ಬರುತ್ತವೆ ಎಂದು ವೈದ್ಯರು ಸಮಾಧಾನ ಹೇಳಿದರು. ಔಷಧದ ನೆರವಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗೆ ಕರೆತರುವಂತಿಲ್ಲ ಎಂಬುದು ಕೇಂದ್ರದ ನಿಯಮ. ಸೇರಿಸುವಾಗ ಆ ನಿಯಮವನ್ನು ಓದಿ ಎಷ್ಟು ಒಳ್ಳೆಯ ಶಿಸ್ತು ಎಂದು ಮೆಚ್ಚಿದ್ದೆ. ಇಂದು ಬೆಳಿಗ್ಗೆ ಥರ್ಮಾಮೀಟರ್ 38.2 ಡಿಗ್ರಿ ಸೆಲ್ಸಿಯಸ್ ತೋರಿಸಿದಾಗ, ಈ ದಿನ ಯಾರು ರಜೆ ಹಾಕುವುದು ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಜಗಳವಾಡಿದೆವು. ಕೊನೆಗೆ ನಾನೇ ಉಳಿದೆ. ಅವಳು ಕೆಲಸಕ್ಕೆ ಮರಳಿ ಇನ್ನೂ ಐದು ದಿನ.

14 ಆಗಸ್ಟ್ 2024, ಬುಧವಾರ

ಇಂದು ಮಧ್ಯಾಹ್ನ ಕಚೇರಿಯಲ್ಲಿ ಮೊಬೈಲ್ ತೆರೆದು ನೋಡಿದಾಗ ನಾನು ಈ ಮೊದಲು ನೋಡಿರದ ಹೆಂಗಸೊಬ್ಬರು ಮಗಳನ್ನು ಎತ್ತಿಕೊಂಡಿದ್ದರು. ಕೂಡಲೇ ಫೋನ್ ಮಾಡಿದೆ. "ಹೊಸದಾಗಿ ಸೇರಿದ್ದಾರೆ ಸರ್, ತುಂಬಾ ಒಳ್ಳೆಯವರು" ಎಂಬ ಉತ್ತರ ಬಂತು. ಏಳು ವಾರಗಳಲ್ಲಿ ಅವರು ಮೂರನೆಯವರು. ಮೊದಲ ದಿನ ಕಣ್ಸನ್ನೆ ಮಾಡಿದವರು ಜುಲೈ ಮಧ್ಯದಲ್ಲಿ ಬಿಟ್ಟು ಹೋದರು. ಅವರ ನಂತರ ಬಂದವರು ಹೋದದ್ದು ನಮಗೆ ಗೊತ್ತೇ ಆಗಲಿಲ್ಲ. ಪ್ರತಿದಿನದ ವರದಿಯಲ್ಲಿ ಮಾತ್ರ ಒಂದೇ ಮಾತು: "ಚೆನ್ನಾಗಿದ್ದಳು, ಚೆನ್ನಾಗಿ ಮಲಗಿದಳು."

ಸಂಜೆ ಹೋದಾಗ ಮಗಳು ನನ್ನನ್ನು ನೋಡಿದಳು, ಮತ್ತೆ ತನ್ನ ಮುಂದಿದ್ದ ಮರದ ತುಂಡುಗಳತ್ತ ತಿರುಗಿದಳು. ಅಳಲಿಲ್ಲ, ಬರಲೂ ಇಲ್ಲ. ಕೆಲವು ದಿನಗಳಿಂದ ಹೀಗೇ ನಡೆಯುತ್ತಿದೆ. ಒಗ್ಗಿಕೊಂಡಳು ಎಂದು ನಾವು ಹಿಗ್ಗಿದ್ದೆವು. ಮನಶ್ಶಾಸ್ತ್ರಜ್ಞೆ ಮೇರಿ ಏನ್ಸ್‌ವರ್ತ್ ಒಂದು ವರ್ಷದ ಮಕ್ಕಳನ್ನು ತಾಯಿಯಿಂದ ಕೆಲವೇ ನಿಮಿಷ ಬೇರ್ಪಡಿಸಿ ಮತ್ತೆ ಸೇರಿಸಿ ಗಮನಿಸಿದ್ದರು. ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಮರಳಿ ಬಂದಾಗ ಅದು ಏನು ಮಾಡಿತು ಎಂಬುದಕ್ಕೆ ಅವರು ಹೆಚ್ಚು ತೂಕ ಕೊಟ್ಟಿದ್ದರು. ನನ್ನ ಮಗಳ ಒಂದು ಸಂಜೆಯ ನೋಟದಿಂದ ಏನನ್ನೂ ಸಾಧಿಸಲಾಗದು ಎಂದು ಬಲ್ಲೆ. ಆದರೂ ದಾರಿಯುದ್ದಕ್ಕೂ ಆ ನೋಟವೇ ಕಣ್ಣ ಮುಂದಿತ್ತು.

ಮಗುವನ್ನು ಹೀಗೆ ಬಿಟ್ಟಿದ್ದರಿಂದಲೇ ತಪ್ಪಾಯಿತೆಂದು ರಾತ್ರಿ ನನ್ನ ಹೆಂಡತಿ ಕಣ್ಣೀರು ಹಾಕಿದಳು. ಅದು ನಿಜವಲ್ಲವೆಂದು ಹೇಳಲು ನನ್ನ ಬಳಿ ಒಂದು ಆಧಾರವಾದರೂ ಇತ್ತು. ಅಮೆರಿಕದಲ್ಲಿ 1991ರಲ್ಲಿ ಹುಟ್ಟಿದ 1300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದರಲ್ಲಿ, ಹಗಲು ಹೊತ್ತು ಬೇರೆಯವರ ಆರೈಕೆಯಲ್ಲಿ ಇದ್ದ ಮಾತ್ರಕ್ಕೆ ತಾಯಿ ಮಗುವಿನ ನಂಟು ಸಡಿಲಗೊಳ್ಳುವುದಿಲ್ಲ ಎಂದು ಕಂಡುಬಂದಿತ್ತು. ಮನೆಯಲ್ಲಿ ಮಗುವಿನ ಕರೆಗೆ ಓಗೊಡುವವರಿಲ್ಲದೆ, ಜೊತೆಗೆ ಹಗಲಿನ ಆರೈಕೆಯೂ ಕಳಪೆಯಾಗಿದ್ದಾಗ ಅಪಾಯ ಹೆಚ್ಚುತ್ತಿತ್ತು. ಅದನ್ನು ಕೇಳಿ ಅವಳು, "ಹಾಗಾದರೆ ನಮ್ಮ ಪಾಲಿಗೆ ಬಂದಿರುವ ಆರೈಕೆ ಎಂಥದ್ದು?" ಎಂದಳು.

ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಹತ್ತು ಪ್ರಶ್ನೆಗಳಲ್ಲಿ ಒಂಬತ್ತು ಕಟ್ಟಡ, ಬೀಗ, ತೊಟ್ಟಿಲು, ಸಾಬೂನು, ರಿಜಿಸ್ಟರುಗಳಿಗೆ ಸೇರಿದವು. ಒಂದು ಮಾತ್ರ ಮನುಷ್ಯರಿಗೆ ಸಂಬಂಧಿಸಿದ್ದು, ಅದೂ ಅವರ ಸಂಖ್ಯೆಯ ಬಗ್ಗೆ. ಮೂವರಿಗೆ ಒಬ್ಬರು ಎಂಬ ಲೆಕ್ಕ ಈಗಲೂ ಅಲ್ಲಿ ತಪ್ಪಿಲ್ಲ. ಆ ಒಬ್ಬರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ಹಿಂದಿನವರು ಏಕೆ ಬಿಟ್ಟರು, ಮುಂದಿನ ತಿಂಗಳೂ ಇರುತ್ತಾರೆಯೇ ಎಂದು ನಾವು ಯಾರನ್ನೂ ಕೇಳಿರಲಿಲ್ಲ. ಇನ್ನೊಬ್ಬರ ಮಗುವನ್ನು ದಿನವಿಡೀ ಎತ್ತಿ ಆಡಿಸುವ ಕೆಲಸಕ್ಕೆ ಸಿಗುವ ಸಂಬಳ ಎಲ್ಲೆಡೆಯೂ ಕಡಿಮೆಯೇ ಎಂಬುದು ಗೊತ್ತಿದ್ದೂ, ಹೊಸ ನೆಲಹಾಸಿಗೆ ಹಣ ಹಾಕಿದವರು ಅವರಿಗೆ ಎಷ್ಟು ಕೊಡುತ್ತಾರೆ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

2 ಸೆಪ್ಟೆಂಬರ್ 2024, ಸೋಮವಾರ

ಮತ್ತೆ ಹುಡುಕಾಟ. ಈ ಬಾರಿ ಕೇಂದ್ರ ನಡೆಸುವವರಿಗೆ ಒಂದೇ ಪ್ರಶ್ನೆ ಹಾಕಿದೆ: ಮಗುವಿನ ಕೋಣೆಯಲ್ಲಿರುವವರು ನಿಮ್ಮಲ್ಲಿಗೆ ಬಂದು ಎಷ್ಟು ಕಾಲವಾಯಿತು? ಎರಡು ಕಡೆ ಉತ್ತರಕ್ಕೆ ಮುನ್ನ ಸಣ್ಣ ಮೌನವಿತ್ತು. ಮೂರನೆಯ ಕಡೆ ಅವರು ಒಳಗೆ ತಿರುಗಿ, "ಅಕ್ಕಾ, ನೀವು ಬಂದು ಒಂಬತ್ತು ವರ್ಷ ಆಯಿತಲ್ಲವಾ?" ಎಂದು ಕೂಗಿ ಕೇಳಿದರು. "ಹತ್ತನೆಯದು ನಡೀತಿದೆ" ಎಂದು ಒಳಗಿನಿಂದ ತಿದ್ದುಪಡಿ ಬಂತು.

ಗೋಡೆಯ ಬಣ್ಣ ಮಾಸಿದೆ. ಕ್ಯಾಮೆರಾ ಇದೆ, ಆದರೆ ಅದನ್ನು ನೋಡಬೇಕಾದರೆ ಅವರ ಕಚೇರಿಗೇ ಹೋಗಬೇಕು. ಒಂದು ಗಂಟೆ ಮೂಲೆಯಲ್ಲಿ ಕುಳಿತು ನೋಡಲು ಬಿಟ್ಟರು. ಒಂದು ಮಗು ಅತ್ತಿತು. ಆ ಅಕ್ಕ ಇನ್ನೊಂದರ ಡೈಪರ್ ಕಟ್ಟುತ್ತಿದ್ದುದರಿಂದ ಏಳಲಾಗಲಿಲ್ಲ. ಕುಳಿತಲ್ಲಿಂದಲೇ ಅದರ ಹೆಸರು ಹಿಡಿದು ಮಾತಾಡಿಸುತ್ತ, "ಬಂದೆ, ಕೈ ತೊಳೆದು ಬಂದೆ" ಎಂದರು, ಹಾಗೆಯೇ ಬಂದರು. ಅತ್ತರೆ ಏನು ಮಾಡುತ್ತೀರಿ ಎಂದು ಇಲ್ಲಿ ಕೇಳಬೇಕಾಗಲಿಲ್ಲ. ಅವರ ಕೈಕೆಳಗಿದ್ದ ಕೂಸುಗಳು ನಾಲ್ಕು, ನಮ್ಮ ಹಿಂದಿನ ಕೇಂದ್ರಕ್ಕಿಂತ ಒಂದು ಹೆಚ್ಚು.

ಒಂದು ತಿಂಗಳ ಶುಲ್ಕ ಹಳೆಯ ಕೇಂದ್ರದಲ್ಲೇ ಉಳಿಯಿತು. ಕರಾರಿನ ಎರಡನೆಯ ಪುಟದಲ್ಲಿ ಹಾಗೆಂದು ಬರೆದಿತ್ತು. ನಾನು ಓದದೆ ಸಹಿ ಹಾಕಿದ್ದೆ.

23 ಸೆಪ್ಟೆಂಬರ್ 2024, ಸೋಮವಾರ

ಸಂಜೆ ಬಾಗಿಲಲ್ಲೇ ಅಕ್ಕ ಕಾಯುತ್ತಿದ್ದರು. ಮಗಳ ತೋಳಿನ ಅಂಗಿ ಸರಿಸಿ, ಇನ್ನೊಂದು ಮಗು ಕಚ್ಚಿದ ಗುರುತನ್ನು ಅವರೇ ತೋರಿಸಿದರು. ಎಷ್ಟು ಹೊತ್ತಿಗೆ ಆಯಿತು, ತಾನು ಆಗ ಎಲ್ಲಿದ್ದೆ, ತಣ್ಣೀರ ಬಟ್ಟೆಯನ್ನು ಎಷ್ಟು ಹೊತ್ತು ಇಟ್ಟೆ ಎಂಬುದೆಲ್ಲ ಪುಸ್ತಕದಲ್ಲಿ ಬರೆದಿತ್ತು. ಕಚ್ಚಿದ ಮಗು ಯಾವುದು ಎಂದು ಕೇಳಿದ್ದಕ್ಕೆ, "ಅದನ್ನು ಹೇಳೋದಿಲ್ಲ ಸರ್. ನಾಳೆ ನಿಮ್ಮ ಮಗಳು ಕಚ್ಚಿದರೆ ಅವರಿಗೂ ಹೇಳೋದಿಲ್ಲ" ಎಂದರು. ಮಾತು ಬಾರದ ವಯಸ್ಸಿನಲ್ಲಿ ಮಕ್ಕಳು ಕಚ್ಚುವುದು ಸಾಮಾನ್ಯವೆಂದು ಗೊತ್ತಿದ್ದರೂ ನನಗೆ ಸಿಟ್ಟು ಬಂದಿತ್ತು. ಆದರೆ "ಚೆನ್ನಾಗಿದ್ದಳು" ಎಂಬ ಏಳು ವಾರಗಳ ವರದಿಗಿಂತ, ನೋವು ಹೇಳಿದ ಈ ಒಂದು ಪುಟದ ಮೇಲೆ ನನಗೆ ಹೆಚ್ಚು ನಂಬಿಕೆ ಹುಟ್ಟಿತು.

15 ನವೆಂಬರ್ 2024, ಶುಕ್ರವಾರ

ಮಗಳು "ಕ್ಕಾ" ಎನ್ನಲು ಕಲಿತಿದ್ದಾಳೆ. "ಅಪ್ಪ" ಇನ್ನೂ ಸ್ಪಷ್ಟವಾಗಿಲ್ಲ. ನಿನ್ನೆ ರಾತ್ರಿ ನಿದ್ದೆಗಣ್ಣಿನಲ್ಲಿ ಅವಳು ಕ್ಕಾ ಎಂದಾಗ ನನ್ನ ಹೆಂಡತಿ ನಕ್ಕಳು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೂ ಒಳಗೆಲ್ಲೋ ಚುಚ್ಚಿತು ಎಂದು ಬರೆಯದಿದ್ದರೆ ಈ ದಿನಚರಿಗೆ ಅರ್ಥವಿಲ್ಲ. ಮಗು ಅವರನ್ನು ಹಚ್ಚಿಕೊಳ್ಳಲಿ ಎಂದೇ ಇಷ್ಟು ಅಲೆದೆವು. ಹಚ್ಚಿಕೊಂಡಾಗ ಹೊಟ್ಟೆಕಿಚ್ಚು ನಮ್ಮದೇ.

ಇಂದು ಸಂಜೆ ಬಾಗಿಲಲ್ಲಿ ನನ್ನನ್ನು ಕಂಡೊಡನೆ ಮಗಳು ಜೋರಾಗಿ ಅಳಲು ಶುರುಮಾಡಿ, ತಡವರಿಸುತ್ತ ನಡೆದು ಬಂದು ಕಾಲನ್ನು ಅಪ್ಪಿಕೊಂಡಳು. ಏನಾಯಿತೆಂದು ಗಾಬರಿಯಾದೆ. ಅಕ್ಕ ನಗುತ್ತ, "ಇಡೀ ದಿನ ಅತ್ತಿಲ್ಲ ಸರ್. ನಿಮಗೋಸ್ಕರ ಕೂಡಿಟ್ಟಿದ್ದಳು" ಎಂದರು. ಎತ್ತಿಕೊಂಡ ಮೇಲೆ ಎರಡು ನಿಮಿಷದಲ್ಲಿ ಸುಮ್ಮನಾದಳು.

ಹೊರಡುವಾಗ ಅಕ್ಕ ಇನ್ನೊಂದು ಮಾತು ಹೇಳಿದರು. ಡಿಸೆಂಬರ್ ಮೊದಲ ವಾರದಲ್ಲಿ ಅವರಿಗೆ ನಾಲ್ಕು ದಿನ ರಜೆ ಬೇಕಾಗಿದೆ, ಆಗ ಪಕ್ಕದ ಕೋಣೆಯವರು ನೋಡಿಕೊಳ್ಳುತ್ತಾರೆ. ಅದಕ್ಕಾಗಿ ಈ ಸೋಮವಾರದಿಂದಲೇ ಅವರನ್ನು ದಿನಾ ಅರ್ಧ ಗಂಟೆ ಮಗಳ ಜೊತೆ ಆಡಲು ಕೂರಿಸುತ್ತಾರಂತೆ. ಎರಡು ವಾರ ಮೊದಲೇ ಹೇಳಿದ್ದಕ್ಕೆ ನಾನು ಧನ್ಯವಾದ ಹೇಳಿದೆ. ಅವರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. "ಹೇಳದೇ ಹೋಗೋಕಾಗುತ್ತಾ ಸರ್?" ಎಂದು ಹೇಳಿ, ಸೀರೆಯ ತುಂಡನ್ನು ಮಡಿಚಿ ಚೀಲಕ್ಕೆ ಹಾಕಿ ಕೊಟ್ಟರು.