ಕಾಮಿಡಿ ಮಾಡ್ತಿದ್ದ ಉಮಾಶ್ರೀ ಇಷ್ಟು ಹೇಗೆ ಬದಲಾದರು?

'ಗುಲಾಬಿ ಟಾಕೀಸ್' ನೋಡಿದ ಸ್ನೇಹಿತರು ನನ್ನನ್ನು ಪದೇ ಪದೇ ಕೇಳುತ್ತಾರೆ: "ಎನ್.ಎಸ್. ರಾವ್ ಜೊತೆ ಡಬಲ್ ಮೀನಿಂಗ್ ಕಾಮಿಡಿ ಮಾಡ್ತಿದ್ದ ಉಮಾಶ್ರೀ ಇವರೇನಾ? ಇಷ್ಟು ಹೇಗೆ ಬದಲಾದರು?"

ಬದಲಾಗಲಿಲ್ಲ ಅನ್ನುವುದೇ ನನ್ನ ಉತ್ತರ. ಆದರೆ ಅದನ್ನು ಹೇಳೋಕೆ ಸಿನಿಮಾ ಪಕ್ಕಕ್ಕಿಟ್ಟು ನಾಟಕದಿಂದ ಶುರು ಮಾಡಬೇಕು.

ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನ ಪಾತ್ರ ಮಾಡಿದ್ದು ಉಮಾಶ್ರೀ. ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಅಲೆಯುವ ಮುದುಕಿ. ಮನೆ ತುಂಬ ಜನ, ಮನೆ ತುಂಬ ಹಸಿವು. ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ರಾತ್ರಿಯೆಲ್ಲ ಕೂತು ತಿನ್ನುತ್ತದೆ. ಆ ಮುದುಕಿಯ ಬೈಗುಳ ಕೇಳಿದರೆ ನಗು ಬರುತ್ತದೆ, ಮರುಕ್ಷಣ ಗಂಟಲು ಕಟ್ಟುತ್ತದೆ. ಉಮಾಶ್ರೀ ಆಗಿನ್ನೂ ಯುವತಿ. ನಗಿಸುವುದು ಬೇರೆ, ಅಳಿಸುವುದು ಬೇರೆ ಅಂತ ವಿಂಗಡಿಸಿಕೊಂಡು ಆಡುವ ಪಾತ್ರ ಅದಲ್ಲವೇ ಅಲ್ಲ.

ಸಿನಿಮಾದಲ್ಲಿ ಜನ ಅವರನ್ನು ಗುರುತಿಸಿದ್ದು ಕಾಶೀನಾಥ್ ಅವರ 'ಅನುಭವ'ದಿಂದ, 1984ರಲ್ಲಿ. ಆಮೇಲೆ ಕಾಮಿಡಿ ಪಾತ್ರಗಳು ಸಾಲುಗಟ್ಟಿ ಬಂದವು. ಈ ವಿಷಯದಲ್ಲಿ ನನಗೆ ಇವತ್ತಿಗೂ ಬೇಸರ ಇದೆ. ಆ ಮಾತುಗಳನ್ನು ಬರೆದವರು ಬೇರೆಯವರು. ಜೊತೆಗೆ ನಟಿಸಿದ ಗಂಡಸರನ್ನು ದೊಡ್ಡ ಹಾಸ್ಯನಟರು ಅಂತ ಮೆಚ್ಚಿದೆವು. ಇವರ ಮೇಲೆ ಮಾತ್ರ 'ಡಬಲ್ ಮೀನಿಂಗ್' ಅಂತ ಚೀಟಿ ಅಂಟಿಸಿದೆವು. ಅನ್ಯಾಯ ಅಲ್ವಾ?

'ಪುಟ್ನಂಜ' ನೆನಪಿಸಿಕೊಳ್ಳಿ. 1995ರ ಸಿನಿಮಾ. ರವಿಚಂದ್ರನ್‌ಗೆ ಅಜ್ಜಿ ಪುಟ್ಮಲ್ಲಿಯಾಗಿ ಉಮಾಶ್ರೀ. ಅವರು ಹುಟ್ಟಿದ್ದು 1957ರಲ್ಲಿ, ರವಿಚಂದ್ರನ್ 1961ರಲ್ಲಿ. ನಾಲ್ಕೇ ವರ್ಷ ದೊಡ್ಡವರು! ನೋಡುವಾಗ ಒಂದು ಸಲವೂ ಈ ಲೆಕ್ಕ ತಲೆಗೆ ಬರುವುದಿಲ್ಲ. ಮುದುಕಿಯ ಮೈ, ದನಿ, ಗತ್ತು ಎಲ್ಲ ಸಾಕವ್ವನ ಕಾಲದಿಂದಲೇ ಅವರ ಜೊತೆಗಿದ್ದವು.

ಹಾಗಾಗಿ ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' ನನಗೆ ಅಚ್ಚರಿ ತರಲಿಲ್ಲ. ವೈದೇಹಿ ಅವರ ಕತೆಯನ್ನು ಆಧರಿಸಿದ ಚಿತ್ರ ಅದು. ಗುಲಾಬಿ ಕುಂದಾಪುರದ ಕಡೆಯ ಮೀನುಗಾರರ ದ್ವೀಪದಲ್ಲಿರುವ ಸೂಲಗಿತ್ತಿ, ಗಂಡ ಬಿಟ್ಟುಹೋದ ಮುಸ್ಲಿಂ ಹೆಂಗಸು. ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಕಲರ್ ಟಿವಿ ಸಿಗುತ್ತದೆ. ಅಕ್ಕಪಕ್ಕದ ಹೆಂಗಸರು ಅವಳ ಮನೆಗೆ ಬರತೊಡಗುತ್ತಾರೆ. ಕಾರ್ಗಿಲ್ ಯುದ್ಧದ ಕಾಲ. ಊರು ನಿಧಾನಕ್ಕೆ ಒಡೆಯುತ್ತದೆ. ಕೊನೆಗೆ ಅವಳನ್ನು ಅಲ್ಲಿಂದ ಹೊರಗೆ ಹಾಕುತ್ತಾರೆ.

ಪರದೆ ನೋಡುವಾಗಿನ ಆ ಮುಖ ಗಮನಿಸಿ. ಮಗುವಿನಂಥ ಖುಷಿ. ವರ್ಷಗಟ್ಟಲೆ ಜನರನ್ನು ನಗಿಸಿದ ಕಣ್ಣುಗಳು ಅವು. ಆ ಖುಷಿ ಅಷ್ಟು ನಿಜವಾಗಿ ಕಂಡಿದ್ದಕ್ಕೇ ಕೊನೆಯ ಒಂಟಿತನ ನಮ್ಮನ್ನು ಹಿಂಡುತ್ತದೆ. ಆ ಪಾತ್ರಕ್ಕೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರ ಪ್ರಶಸ್ತಿ ಬಂತು.

ನಡುವೆ ರಾಜಕೀಯ ಬಂತು, 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯೂ ಆದರು. ನಾನು ಕಾದಿದ್ದು ಮಾತ್ರ ಅವರು ಮತ್ತೆ ಬಣ್ಣ ಹಚ್ಚುವುದನ್ನು. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ಸೀರಿಯಲ್ ಅಂತ ಮೂಗು ಮುರಿಯಬೇಡಿ. ಸುಮ್ನೆ ಒಂದು ಸಲ ಆ ಪುಟ್ಟಕ್ಕ ಊಟ ಬಡಿಸುವುದನ್ನು ನೋಡಿ. ದಿನಾ ನೂರು ಜನಕ್ಕೆ ಬಡಿಸಿ ಪಳಗಿದ ಕೈ ಅನ್ನಿಸುತ್ತದೆ.