ಜೋಡೆತ್ತು, ಹಸು-ಕರು, ಕೈ

ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಇಂದು ಮಂಡ್ಯದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಾ, ಕಾಂಗ್ರೆಸ್ಸಿನ ಚಿಹ್ನೆ ಬದಲಾದಂತೆ ತಾವು ಮೊದಲು ಜೋಡೆತ್ತಿಗೆ, ಬಳಿಕ ಹಸು-ಕರುವಿಗೆ, ಆಮೇಲೆ ಕೈ ಗುರುತಿಗೆ ಮತ ಹಾಕಿದ್ದನ್ನು ಹೇಳುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆ ಉಳ್ಳವರಿಗಷ್ಟೇ ಇದ್ದ ಮತದ ಹಕ್ಕನ್ನು ಸ್ವತಂತ್ರ ಭಾರತವು ಒಮ್ಮೆಲೇ ಎಲ್ಲ ವಯಸ್ಕರಿಗೂ ನೀಡಿದಾಗ, ಓದು ಬಾರದವರೇ ಹೆಚ್ಚಿದ್ದುದರಿಂದ, 1951–52ರ ಚುನಾವಣೆಯಲ್ಲಿ ಚಿಹ್ನೆ ಅಂಟಿಸಿದ ಪ್ರತ್ಯೇಕ ಮತಪೆಟ್ಟಿಗೆಯನ್ನು ಪ್ರತಿ ಅಭ್ಯರ್ಥಿಗೂ ಇಡಲಾಗಿತ್ತು. ಪೆಟ್ಟಿಗೆಗಳು ಹೋದವು, ಸಾಕ್ಷರತೆ ಹೆಚ್ಚಿತು, ಚಿಹ್ನೆಗಳು ಮಾತ್ರ ಉಳಿದವು. ಪಕ್ಷ ಒಡೆದರೆ ಇಂದಿಗೂ ಮೊದಲ ಜಗಳ ಅವುಗಳಿಗಾಗಿಯೇ. ಆದರೂ ಚಿಹ್ನೆಯೇ ಸರ್ವಸ್ವವೆನ್ನಲು ನನಗೆ ಮನಸ್ಸಿಲ್ಲ: 2019ರಲ್ಲಿ ನಮ್ಮ ಮಂಡ್ಯದಲ್ಲಿ ಗೆದ್ದದ್ದು, ಚುನಾವಣೆ ಹೊಸ್ತಿಲಲ್ಲಿದ್ದಾಗ ಪಕ್ಷೇತರರಿಗೆ ಸಿಕ್ಕ ‘ಕಹಳೆ ಊದುವ ರೈತ’. ಅಂದು ಕೈಯೊಡನೆ ಮೈತ್ರಿ ಮಾಡಿಕೊಂಡು ಸೋತ ಜೆಡಿಎಸ್‌ನ ‘ತೆನೆ ಹೊತ್ತ ಮಹಿಳೆ’, 2024ರಲ್ಲಿ ಬಿಜೆಪಿಯ ಕಮಲದೊಡನೆ ಸೇರಿ ಇಲ್ಲಿಯೇ ಗೆದ್ದಳು.