ಹೌದು ಸಾರ್, ಅದನ್ನೇ ಹೇಳಿದೆ

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯ ಹುಡುಗಿ ಫೋನು ಮಾಡಿದಾಗ ನಾನು ಮೇಷ್ಟ್ರ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಇನ್ನು ಬೇರೆ ಯಾರ ಬಗ್ಗೆ ಬರೆಯಲಿ?

1984ರಲ್ಲಿ ಬಿ.ಎ.ಗೆ ಪತ್ರಿಕೋದ್ಯಮ ತೆಗೆದುಕೊಂಡವರು ನಾವು ಹದಿನೇಳು ಮಂದಿ. ಸುದ್ದಿ ಬರೆಯುವುದನ್ನು ಹೇಳಿಕೊಡುತ್ತಾರೆಂದು ಹೋದರೆ ಮೊದಲ ಪಾಠವೇ ಅಂತರ್‌ವ್ಯಕ್ತಿ ಸಂವಹನ. ಇಬ್ಬರು ಎದುರುಬದುರು ಕುಳಿತು ಮಾತನಾಡುವುದು, ಅಷ್ಟೇ. ಅದಕ್ಕೆ ಊರಿನ ಅರಳಿಕಟ್ಟೆ ಸಾಲದೇ ಎಂದು ಹಿಂದಿನ ಬೆಂಚಿನಲ್ಲಿ ನಕ್ಕಿದ್ದೆವು. ಆ ಪಠ್ಯದಲ್ಲಿದ್ದ ಬಾಣದ ಗುರುತಿನ ಚಿತ್ರಗಳೆಲ್ಲ ಎಂದೋ ಮರೆತುಹೋಗಿವೆ.

ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ನಾಲ್ಕು ಚೌಕದ ಕಿಟಕಿ ಬರೆದು 'ಜೋಹಾರಿ ಕಿಟಕಿ' ಎಂದರು. ನನಗೂ ಇತರರಿಗೂ ಗೊತ್ತಿರುವ ನಾನು, ಇತರರಿಗೆ ಮಾತ್ರ ಕಾಣುವ ನಾನು, ನಾನೇ ಬಚ್ಚಿಟ್ಟುಕೊಂಡಿರುವ ನಾನು, ಯಾರಿಗೂ ಗೊತ್ತಿಲ್ಲದ ನಾನು. ಜೋಹಾರಿ ಯಾರೋ ಉತ್ತರ ಭಾರತದ ದೊಡ್ಡ ವಿದ್ವಾಂಸರಿರಬೇಕೆಂದು ನಾನು ಕಿರುಪರೀಕ್ಷೆಯಲ್ಲಿ 'ಪ್ರೊ. ಜೋಹಾರಿಯವರ ಜೀವನ ಮತ್ತು ಸಾಧನೆ' ಎಂದು ಅರ್ಧ ಪುಟ ತುಂಬಿಸಿದೆ. ಮೇಷ್ಟ್ರು ಅದನ್ನು ತರಗತಿಯಲ್ಲಿ ಭಕ್ತಿಯಿಂದ ಓದಿದರು. ಆಮೇಲೆ ಹೇಳಿದರು: 1955ರಲ್ಲಿ ಇದನ್ನು ಮಾಡಿದವರು ಜೋಸೆಫ್ ಲಫ್ಟ್, ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಅಮೆರಿಕನ್ನರು. ಜೋ ಮತ್ತು ಹ್ಯಾರಿ ಕೂಡಿ ಜೋಹಾರಿ. "ಇವನ ಎರಡನೆಯ ಚೌಕ ಈಗ ನಿಮಗೆಲ್ಲ ಕಂಡಿತಲ್ಲ," ಎಂದು ಉತ್ತರಪತ್ರಿಕೆ ನನ್ನ ಕೈಗಿಟ್ಟರು. ಹತ್ತಕ್ಕೆ ಎರಡು. ಒಂದು ಅಂಕ ಕಲ್ಪನಾಶಕ್ತಿಗೆ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಅವರು ಕಲಿಸಿದ ಇನ್ನೊಂದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ನಿಯಮ. ಎದುರಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಮೊದಲು ತಿರುಗಿ ಹೇಳಬೇಕು. ಅವರು ಒಪ್ಪಿದ ಮೇಲೆಯೇ ನಿಮ್ಮ ಮಾತು. ಇದು ನಮಗೆ ಬಲೇ ಹಿಡಿಸಿತು. ಆ ವಾರ ಹಾಸ್ಟೆಲಿನ ವಾರ್ಡನ್ನರು ಮೆಸ್ ಬಾಕಿಗಾಗಿ ಕೂಗಾಡುತ್ತ ಬಂದಾಗ ನಾವು ನಾಲ್ವರು ಕೈ ಕಟ್ಟಿ ನಿಂತು ಪ್ರಯೋಗ ಶುರುಮಾಡಿದೆವು.

"ಅಂದರೆ ತಾವು ಹೇಳುತ್ತಿರುವುದು, ನಾವು ದಂಡಪಿಂಡಗಳು ಎಂದು ಅಲ್ಲವೇ ಸಾರ್?"

"ಹೌದು!"

"ಮತ್ತು ಸೋಮವಾರದೊಳಗೆ ದುಡ್ಡು ಕಟ್ಟದಿದ್ದರೆ ನಮ್ಮ ತಟ್ಟೆ ಲೋಟ ಬೀದಿಗೆಸೆಯುತ್ತೀರಿ ಎಂದು?"

ಐದನೆಯ ಪ್ರಶ್ನೆಗೆ ಅವರಿಗೆ ವಿಷಯ ಹೊಳೆಯಿತು. ನೇರವಾಗಿ ಮೇಷ್ಟ್ರ ಬಳಿಗೆ ಹೋದರು.

ಮೇಷ್ಟ್ರು ಬೈಯಲಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ನಡೆಯುತ್ತಿದ್ದವರು ನನ್ನನ್ನು ಕರೆದು, "ಗಿಳಿಪಾಠ ಒಪ್ಪಿಸಿದಿರಂತೆ. ಇನ್ನೊಂದು ಸಲ ಹೋಗಿ ಕೇಳಿ. 'ಹೌದಪ್ಪ, ನಾನು ಹೇಳಿದ್ದು ಅದನ್ನೇ' ಎಂದು ಅವರ ಬಾಯಲ್ಲಿ ಬರುವವರೆಗೆ ನನ್ನ ಕ್ಲಾಸಿಗೆ ಬರಬೇಡಿ," ಎಂದರು. ಮೂರು ಸಂಜೆ ಹೋದೆವು. ಮೊದಲೆರಡು ದಿನ ವಾರ್ಡನ್ನರು ಬಾಗಿಲು ಹಾಕಿಕೊಂಡರು. ಮೂರನೆಯ ದಿನ ಮೇಜಿನ ಮೇಲೆ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ ತೆರೆದಿಟ್ಟರು. ದಿನಸಿ ಅಂಗಡಿಯವನು ಸಾಲ ನಿಲ್ಲಿಸಿ ಎರಡು ತಿಂಗಳಾಗಿತ್ತು. ಅಕ್ಕಿ ಬೇಳೆ ಬರುತ್ತಿದ್ದುದು ಅವರ ಸಂಬಳದಿಂದ. ನಾನು ಅದನ್ನು ತಿರುಗಿ ಹೇಳಲು ಹೋದೆ. ಅರ್ಧಕ್ಕೇ ಗಂಟಲು ಕಟ್ಟಿತು. "ಹೌದಪ್ಪ," ಎಂದರು. ಆ ರಾತ್ರಿ ಅಪ್ಪನಿಗೆ ಮನಿಯಾರ್ಡರಿಗಾಗಿ ಕಾಗದ ಬರೆದೆ.

ಈಗ ಇದೇ ಪಾಠಕ್ಕೆ ಸಾಫ್ಟ್ ಸ್ಕಿಲ್ ಎಂದು ಹೆಸರು. ಅಣ್ಣನ ಮೊಮ್ಮಗಳ ಕಾಲೇಜಿನ ಸ್ಲೈಡೊಂದರಲ್ಲಿ ಸಂವಹನದಲ್ಲಿ ಮಾತಿನ ಪಾಲು ಶೇ. 7 ಮಾತ್ರ, ಉಳಿದ 93 ದನಿ ಮತ್ತು ಮುಖಭಾವ ಎಂದಿತ್ತು. ಈ ಲೆಕ್ಕದ ಮೂಲವಾದ, 1967ರಲ್ಲಿ ಮನಶ್ಶಾಸ್ತ್ರಜ್ಞ ಮೆಹ್ರಾಬಿಯನ್ ಅವರು ಮಾಡಿದ ಪ್ರಯೋಗ ಇಷ್ಟಾನಿಷ್ಟಗಳ ಭಾವನೆಗೆ ಸಂಬಂಧಿಸಿದ್ದು, ಎಲ್ಲ ಮಾತಿಗೂ ಅಲ್ಲ. ಮೇಷ್ಟ್ರಾಗಿದ್ದರೆ ಆ ಸ್ಲೈಡ್ ಮಾಡಿದವರಿಗೆ ಅರ್ಧ ಗಂಟೆ ಬಂಗಾಳಿ ಭಾಷಣ ಕೇಳಿಸಿ, ಶೇ. 93 ಅರ್ಥವಾಯಿತೇ ಎನ್ನುತ್ತಿದ್ದರು. ಹುಡುಗಿ ಆ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಾರು ತೆಗೆದಿದ್ದಾಳೆ. ಮನೆಗೆ ಬಂದವರನ್ನು ಕೂರಿ ಎನ್ನುವುದಿಲ್ಲ.

ನಾನು ಪತ್ರಕರ್ತನಾಗಲಿಲ್ಲ, ಬ್ಯಾಂಕು ಸೇರಿದೆ. ಸಾಲ ವಸೂಲಿಗೆ ಹೋದಲ್ಲೆಲ್ಲ ಮೊದಲು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಶಾಖೆಗೆ ವಸೂಲಿಯಲ್ಲಿ ಎರಡು ಬಾರಿ ಬಹುಮಾನ ಬಂದಿತ್ತು. ಹೇಳಿಕೊಳ್ಳಬಾರದು, ಆದರೂ ಹೇಳುತ್ತಿದ್ದೇನೆ.

ಕಳೆದ ದೀಪಾವಳಿಗೆ ಮೇಷ್ಟ್ರ ಮನೆಗೆ ಹೋಗಿದ್ದೆ. ಕಿವಿ ಪೂರ್ತಿ ಮಂದವಾಗಿತ್ತು. ಕಿವಿಯಂತ್ರ ಮೇಜಿನ ಮೇಲಿತ್ತು, ಬ್ಯಾಟರಿ ಮುಗಿದಿತ್ತು. ಆದರೂ ಕುರ್ಚಿ ಹತ್ತಿರ ಎಳೆದುಕೊಂಡು, ಅಂಗೈಯನ್ನು ಕಿವಿಯ ಹಿಂದೆ ಹಿಡಿದು ಕುಳಿತರು. ಮಗ ಕೆನಡಾಕ್ಕೆ ಹೋದ, ಇನ್ನು ಬರುವುದಿಲ್ಲವಂತೆ, ಮನೆಯಲ್ಲಿ ನಾವಿಬ್ಬರೇ ಎಂದೆಲ್ಲ ಹೇಳಿಕೊಂಡೆ. ಕೊನೆಯವರೆಗೂ ಕಣ್ಣು ಕದಲಿಸದೆ ಕೇಳಿದರು. ಆಮೇಲೆ ಹಳೆಯ ರೂಢಿಯಂತೆ ಬೆರಳೆತ್ತಿ, "ಅಂದರೆ ಮಗ ಕನ್ನಡಕ್ಕೆ ಸೇರಿದ ಅಂತ ತಾನೇ? ಒಳ್ಳೆಯದಾಯಿತು ಕಣಯ್ಯ. ಆ ವಿಭಾಗಕ್ಕೆ ಈಗ ಹುಡುಗರೇ ಸಿಗುವುದಿಲ್ಲ," ಎಂದರು.

"ಹೌದು ಸಾರ್, ಅದನ್ನೇ ಹೇಳಿದೆ," ಎಂದೆ.